ಸರ್ವರ್ ನಡೆಯುತ್ತಿದೆ, ಸೈಟ್ ಮಾತ್ರ ಸಿಗುತ್ತಿಲ್ಲ: ಡೊಮೇನ್ ಹೆಸರಿನ ತೊಂದರೆಯ ಮೂಲ ಹುಡುಕುವ ಬಗೆ

ದಸರಾ ಹತ್ತಿರವಾದಂತೆ ಮೈಸೂರಿನ ಹೋಂಸ್ಟೇಗಳಿಗೂ ಸಣ್ಣ ಹೋಟೆಲುಗಳಿಗೂ ವೆಬ್‌ಸೈಟ್ ಎಂಬುದು ನೇರವಾಗಿ ಸಂಪಾದನೆಯ ವಿಷಯ. ಆ ದಿನಗಳಲ್ಲಿ ಸೈಟ್ ಅರ್ಧ ದಿನ ಸಿಗದಿದ್ದರೆ ಬುಕಿಂಗ್ ಬೇರೆಯವರ ಪಾಲಾಗುತ್ತದೆ. ಅಂಥ ಹೊತ್ತಿನಲ್ಲಿ ಹೋಸ್ಟಿಂಗ್ ನೋಡಿಕೊಳ್ಳುವವರಿಗೆ ಬರುವ ದೂರುಗಳಲ್ಲಿ ಗೊಂದಲ ಹುಟ್ಟಿಸುವುದು ಈ ಬಗೆಯದು: ಬೆಂಗಳೂರಿನ ಗ್ರಾಹಕರಿಗೆ ಸೈಟ್ ತೆರೆಯುತ್ತಿಲ್ಲ, ಮಾಲೀಕರ ಕಚೇರಿಯಲ್ಲಿ ತೆರೆಯುತ್ತಿದೆ, ಅವರದೇ ಮೊಬೈಲಿನಲ್ಲಿ ಹಳೆಯ ಪುಟ ಕಾಣುತ್ತಿದೆ. ಸರ್ವರಿಗೆ ಲಾಗಿನ್ ಆಗಿ ನೋಡಿದರೆ ಹೊರೆಯಿಲ್ಲ, ಡಿಸ್ಕ್ ತುಂಬಿಲ್ಲ, ವೆಬ್ ಸರ್ವರ್ ತನ್ನ ಪಾಡಿಗೆ ನಡೆಯುತ್ತಿದೆ. ಗಾಬರಿಯಲ್ಲಿ ಹಲವರು ಮೊದಲು ಸರ್ವರನ್ನು ರೀಸ್ಟಾರ್ಟ್ ಮಾಡುತ್ತಾರೆ, ಆಮೇಲೆ ಡೊಮೇನಿನ ದಾಖಲೆಗಳನ್ನು ಇಟ್ಟುಕೊಂಡು ಉತ್ತರಿಸುವ ನೇಮ್ ಸರ್ವರ್ ಬದಲಿಸುತ್ತಾರೆ, ಅದೂ ಫಲಿಸದಿದ್ದರೆ ಝೋನ್, ಅಂದರೆ ಆ ದಾಖಲೆಗಳ ಪಟ್ಟಿಯನ್ನೇ ಅಳಿಸಿ ಹೊಸದಾಗಿ ಬರೆಯುತ್ತಾರೆ. ಇದರಿಂದ ಒಂದಿದ್ದ ತೊಂದರೆ ಮೂರಾಗುತ್ತದೆ. ಹೆಸರಿನ ತೊಂದರೆಯಲ್ಲಿ ಮೊದಲು ಕೇಳಬೇಕು, ಉತ್ತರ ಸಿಕ್ಕ ಮೇಲಷ್ಟೇ ಕೈ ಹಾಕಬೇಕು. ಯಾರನ್ನು ಕೇಳಬೇಕು, ಅವರು ಕೊಡುವ ಉತ್ತರದ ಅರ್ಥವೇನು ಎಂಬುದನ್ನು ಇಲ್ಲಿ ಬಿಡಿಸಿ ಹೇಳಲು ಪ್ರಯತ್ನಿಸುತ್ತೇನೆ.

ಒಂದು ಕಾಲದಲ್ಲಿ ಇಡೀ ಜಾಲದ ಯಂತ್ರಗಳ ಹೆಸರುಗಳು ಒಂದೇ ಪಠ್ಯ ಕಡತದಲ್ಲಿದ್ದವು. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆ ಅದನ್ನು ನಿರ್ವಹಿಸುತ್ತಿತ್ತು, ಉಳಿದವರು ಆಗಾಗ ನಕಲು ಮಾಡಿಕೊಳ್ಳುತ್ತಿದ್ದರು. ಜಾಲ ಬೆಳೆದಂತೆ ಅದು ನಡೆಯದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಹೆಸರುಗಳ ಹೊಣೆಯನ್ನು ಹಂತಹಂತವಾಗಿ ಹಂಚುವ ವ್ಯವಸ್ಥೆಯೊಂದನ್ನು ರೂಪಿಸಿದರು. ಅದೇ ಡಿಎನ್‌ಎಸ್, ಅಂದರೆ ಡೊಮೇನ್ ನೇಮ್ ಸಿಸ್ಟಂ. ಇಂದು ಅದು ನಡೆಯುವ ಕ್ರಮದ ಅಡಿಪಾಯ 1987ರಲ್ಲಿ ಪ್ರಕಟವಾದ ನಿಯಮಗಳು. ಹೊಣೆ ಹಂಚಿಹೋಗಿರುವುದರಿಂದ ದೋಷವೂ ಹಲವು ಕಡೆ ಅಡಗಿರಬಹುದು. ಹುಡುಕುವವರು ಈ ಮಾತನ್ನು ಸದಾ ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು.

ಮಂಡ್ಯದ ಬೆಲ್ಲದ ವ್ಯಾಪಾರಿಯೊಬ್ಬರಿಗೆ ಬೆಲ್ಲದಂಗಡಿ ಡಾಟ್ ಇನ್ ಎಂಬ ಹೆಸರಿದೆ ಎಂದು ಕಲ್ಪಿಸಿಕೊಳ್ಳೋಣ. ಗ್ರಾಹಕರ ಮೊಬೈಲ್ ಈ ಹೆಸರಿನ ಐಪಿ ವಿಳಾಸವನ್ನು, ಅಂದರೆ ಜಾಲದಲ್ಲಿ ಸರ್ವರನ್ನು ಗುರುತಿಸುವ ಸಂಖ್ಯೆಯನ್ನು, ರಿಸಾಲ್ವರ್ ಎಂಬ ಸರ್ವರನ್ನು ಕೇಳುತ್ತದೆ. ಅದು ಇಂಟರ್‌ನೆಟ್ ಸಂಪರ್ಕ ಕೊಟ್ಟ ಕಂಪನಿಯದಾಗಿರಬಹುದು, ಗೂಗಲ್‌ನ 8.8.8.8 ಅಥವಾ ಕ್ಲೌಡ್‌ಫ್ಲೇರ್‌ನ 1.1.1.1ರಂಥ ಸಾರ್ವಜನಿಕ ರಿಸಾಲ್ವರ್ ಆಗಿರಬಹುದು. ಅದರ ಬಳಿ ಉತ್ತರ ಸಿದ್ಧವಿಲ್ಲದಿದ್ದರೆ ಅದು ಈ ವ್ಯವಸ್ಥೆಯ ತುತ್ತತುದಿಯಲ್ಲಿರುವ 13 ಹೆಸರುಗಳ ರೂಟ್ ಸರ್ವರ್‌ಗಳಲ್ಲಿ ಒಂದನ್ನು ವಿಚಾರಿಸುತ್ತದೆ. ರೂಟ್‌ಗೆ ಬೆಲ್ಲದಂಗಡಿ ಗೊತ್ತಿಲ್ಲ, ಡಾಟ್ ಇನ್ ವಿಭಾಗವನ್ನು ನೋಡಿಕೊಳ್ಳುವ ಸರ್ವರ್‌ಗಳು ಯಾವುವು ಎಂಬುದಷ್ಟೇ ಗೊತ್ತು. ಡಾಟ್ ಇನ್ ನೋಂದಣಿಯ ಹೊಣೆ ನಿಕ್ಸಿ ಸಂಸ್ಥೆಯದು. ಆ ಸರ್ವರ್‌ಗಳು, ಈ ಹೆಸರಿನ ದಾಖಲೆಗಳು ಇಂಥ ಎರಡು ನೇಮ್ ಸರ್ವರ್‌ಗಳಲ್ಲಿವೆ ಎಂದು ತಿಳಿಸುತ್ತವೆ. ಕೊನೆಗೆ ಆ ನೇಮ್ ಸರ್ವರ್ ಐಪಿ ವಿಳಾಸ ಕೊಡುತ್ತದೆ.

ಈ ಸರಪಳಿಯಲ್ಲಿ ಸೈಟಿನ ಮಾಲೀಕರ ಕೈಯಲ್ಲಿರುವುದು ಎರಡು ಕೊಂಡಿಗಳು. ಯಾವ ನೇಮ್ ಸರ್ವರ್ ಎಂಬುದನ್ನು ಡೊಮೇನ್ ಕೊಂಡ ಕಡೆ, ಅಂದರೆ ರಿಜಿಸ್ಟ್ರಾರ್ ಬಳಿ ಬರೆಯಬೇಕು. ಯಾವ ಐಪಿ ವಿಳಾಸ ಎಂಬುದನ್ನು ಆ ನೇಮ್ ಸರ್ವರಿನ ಝೋನ್‌ನಲ್ಲಿ ಬರೆಯಬೇಕು. ರಿಜಿಸ್ಟ್ರಾರ್‌ನ ಪುಟದಲ್ಲೂ ರೆಕಾರ್ಡ್, ಅಂದರೆ ಝೋನ್‌ನ ಒಂದೊಂದು ದಾಖಲೆ, ತಿದ್ದುವ ಸೌಲಭ್ಯ ಇರುತ್ತದೆ, ಹೋಸ್ಟಿಂಗ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲೂ ಇರುತ್ತದೆ, ನಡುವೆ ಕ್ಲೌಡ್‌ಫ್ಲೇರ್ ಸೇರಿಸಿದ್ದರೆ ಅಲ್ಲೂ ಇರುತ್ತದೆ. ಮೂರೂ ಕಡೆ ತಿದ್ದಲು ಬರುತ್ತದೆ, ಆದರೆ ಲೋಕ ನೋಡುವುದು ಒಂದನ್ನು ಮಾತ್ರ. ಐಪಿ ವಿಳಾಸ ಬದಲಿಸಿದೆವು, ಏನೂ ಆಗಲಿಲ್ಲ ಎಂದು ಹೇಳುವವರಲ್ಲಿ ಬಹಳ ಮಂದಿ ಯಾರೂ ಓದದ ಝೋನ್‌ನಲ್ಲಿ ತಿದ್ದಿರುತ್ತಾರೆ. ಆದ್ದರಿಂದ ಈಗ ಯಾವ ನೇಮ್ ಸರ್ವರ್ ಚಾಲ್ತಿಯಲ್ಲಿದೆ ಎಂದು ಮೊದಲು ನೋಡಿ.

ಇದು ಹೆಸರಿನ ತೊಂದರೆಯೇ?

ಬ್ರೌಸರ್ ಏನು ಹೇಳುತ್ತಿದೆ ಎಂಬುದನ್ನು ಗ್ರಾಹಕರಿಂದ ಸ್ಕ್ರೀನ್‌ಶಾಟ್ ತರಿಸಿಕೊಂಡೇ ಓದಬೇಕು. "ತೆರೆಯುತ್ತಿಲ್ಲ" ಎಂಬ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ದೋಷಗಳು ಸೇರಿಕೊಂಡಿರುತ್ತವೆ. ಸರ್ವರಿನ ವಿಳಾಸ ಸಿಗಲಿಲ್ಲ ಎಂದರೆ ಹೆಸರಿನ ಕಡೆ ನೋಡಬೇಕು. ಸಂಪರ್ಕ ನಿರಾಕರಿಸಲಾಯಿತು ಅಥವಾ ಸಮಯ ಮೀರಿತು ಎಂದರೆ ಐಪಿ ವಿಳಾಸ ಸಿಕ್ಕಿದೆ, ಆಮೇಲಿನ ಹಾದಿಯಲ್ಲಿ ಏನೋ ಆಗಿದೆ. ಬೇರೆ ಯಾರದೋ ಸೈಟ್ ಅಥವಾ ಹೋಸ್ಟಿಂಗ್ ಕಂಪನಿಯ ಸ್ವಾಗತ ಪುಟ ಬಂದರೆ, ಹೆಸರು ಸರ್ವರಿಗೆ ತಲುಪಿಸಿದೆ, ಯಾವ ಹೆಸರಿಗೆ ಯಾವ ಸೈಟ್ ಎಂದು ಹೇಳುವ ವೆಬ್ ಸರ್ವರಿನ ವರ್ಚುವಲ್ ಹೋಸ್ಟ್‌ನಲ್ಲಿ ಆ ಹೆಸರಿಲ್ಲ ಎಂದರ್ಥ. ಸೈಟ್ ಅಸಲಿ ಎಂದು ಬ್ರೌಸರಿಗೆ ತೋರಿಸುವ ಪ್ರಮಾಣಪತ್ರದ ಎಚ್ಚರಿಕೆ ಬಂದರೆ ಅದನ್ನು ಬೇರೆಯಾಗಿಯೇ ವಿಚಾರಿಸಬೇಕು.

ಖಚಿತ ಮಾಡಿಕೊಳ್ಳಲು, ಬ್ರೌಸರ್ ಇಲ್ಲದೆ ಪುಟ ತರಿಸುವ ಕರ್ಲ್ ಆಜ್ಞೆಯ ರಿಸಾಲ್ವ್ ಆಯ್ಕೆ ಬಹಳ ಉಪಯುಕ್ತ. ಈ ಹೆಸರಿಗೆ ಈ ಐಪಿ ವಿಳಾಸ ಎಂದು ನಾವೇ ಒತ್ತಾಯವಾಗಿ ಹೇಳಿ ಪುಟ ತರಿಸಬಹುದು. ಆಗ ಪುಟ ಸರಿಯಾಗಿ ಬಂದರೆ ವೆಬ್ ಸರ್ವರ್ ನಿರ್ದೋಷಿ. ಯಂತ್ರ ಉತ್ತರಿಸುತ್ತದೆಯೇ ಎಂದು ನೋಡುವ ಪಿಂಗ್ ಆಜ್ಞೆಯ ಮೇಲೆ ಮಾತ್ರ ನಂಬಿಕೆ ಇಡಬೇಡಿ. ಅನೇಕ ಸರ್ವರ್‌ಗಳು ಪಿಂಗ್‌ಗೆ ಉತ್ತರಿಸುವುದೇ ಇಲ್ಲ. ಅಲ್ಲದೆ ಅದು ಯಂತ್ರದ ಹೋಸ್ಟ್ಸ್ ಕಡತವನ್ನೂ ಓದುತ್ತದೆ. ಆ ಹಳೆಯ ಒಂದೇ ಕಡತದ ಕಾಲದ ಕುರುಹಾದ ಹೋಸ್ಟ್ಸ್ ಕಡತ ಇಂದಿಗೂ ಪ್ರತಿ ಕಂಪ್ಯೂಟರಿನಲ್ಲಿದೆ, ಸಾಮಾನ್ಯವಾಗಿ ಡಿಎನ್‌ಎಸ್‌ಗಿಂತ ಮೊದಲು ಅದನ್ನೇ ನೋಡಲಾಗುತ್ತದೆ. ಸೈಟ್ ಕಟ್ಟಿದವರು ಪರೀಕ್ಷೆಗೆಂದು ಅದರಲ್ಲಿ ಹೊಸ ಸರ್ವರಿನ ವಿಳಾಸ ಬರೆದು ಹಾಗೆಯೇ ಬಿಟ್ಟಿದ್ದರೆ, ಅವರೊಬ್ಬರಿಗೆ ಮಾತ್ರ ಸೈಟ್ ಸೊಗಸಾಗಿ ತೆರೆಯುತ್ತಲೇ ಇರುತ್ತದೆ.

ಉತ್ತರಗಳನ್ನು ಓದುವುದು

ಹೆಸರಿನ ತೊಂದರೆಗೆ ನಿಜವಾದ ಉಪಕರಣ ಡಿಗ್ ಎಂಬ ಆಜ್ಞೆ. ಅದು ಹೋಸ್ಟ್ಸ್ ಕಡತವನ್ನು ನೋಡುವುದಿಲ್ಲ, ನೇರ ಡಿಎನ್‌ಎಸ್ ಅನ್ನೇ ಕೇಳುತ್ತದೆ. ಟ್ರೇಸ್ ಆಯ್ಕೆ ಕೊಟ್ಟರೆ ರೂಟ್‌ನಿಂದ ಆರಂಭಿಸಿ ಒಂದೊಂದೇ ಹಂತ ಇಳಿದು ಯಾರು ಯಾರ ಕಡೆ ಕೈ ತೋರಿಸಿದರು ಎಂದು ಮುದ್ರಿಸುತ್ತದೆ. ಅಟ್ ಚಿಹ್ನೆಯ ಮುಂದೆ ಸರ್ವರಿನ ವಿಳಾಸ ಬರೆದರೆ ಆ ಸರ್ವರನ್ನೇ ಪ್ರಶ್ನಿಸುತ್ತದೆ. ವಿಂಡೋಸ್‌ನಲ್ಲಿ ಎನ್‌ಎಸ್‌ಲುಕಪ್ ಇದೆ, ಅದರಲ್ಲೂ ಸರ್ವರ್ ಹೆಸರಿಸಿ ಕೇಳಬಹುದು. ಉತ್ತರದ ಜೊತೆ ಬರುವ ಸ್ಥಿತಿಯ ಪದವೇ ಅರ್ಧ ರೋಗಪತ್ತೆ.

ಎನ್‌ಎಕ್ಸ್‌ಡೊಮೇನ್ ಎಂದು ಬಂದರೆ ಅಂಥ ಹೆಸರೇ ಇಲ್ಲ ಎಂದರ್ಥ. ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವ ಹೆಸರಿಗಷ್ಟೇ ಹೀಗೆ ಬಂದು ಮೂಲ ಹೆಸರು ಸರಿಯಿದ್ದರೆ ಒಂದು ರೆಕಾರ್ಡ್ ಬಿಟ್ಟುಹೋಗಿದೆ, ಸೇರಿಸಿದರೆ ಮುಗಿಯಿತು. ಮೂಲ ಹೆಸರಿಗೇ ಹೀಗೆ ಬಂದರೆ ಡೊಮೇನಿನ ನೋಂದಣಿ ವಿವರ ತೋರಿಸುವ ಹೂಈಸ್ ಮಾಹಿತಿ ತೆರೆದು ಅವಧಿ ಮತ್ತು ಸ್ಥಿತಿ ನೋಡಬೇಕು. ಕ್ಲೈಂಟ್ ಹೋಲ್ಡ್ ಎಂದಿದ್ದರೆ ರಿಜಿಸ್ಟ್ರಾರ್ ತಡೆಹಿಡಿದಿದ್ದಾರೆ, ಸರ್ವರ್ ಹೋಲ್ಡ್ ಎಂದಿದ್ದರೆ ನೋಂದಣಿ ಸಂಸ್ಥೆಯೇ ತಡೆದಿದೆ. ನವೀಕರಣದ ಹಣ ಕಟ್ಟದಿರುವುದು ಸಾಮಾನ್ಯ ಕಾರಣ. ಡಾಟ್ ಕಾಂನಂಥ ಹೆಸರುಗಳಲ್ಲಿ ಇನ್ನೊಂದು ಕಾರಣವೂ ಇದೆ. ಹೊಸದಾಗಿ ಕೊಂಡವರು ತಮ್ಮ ಇಮೇಲ್ ವಿಳಾಸವನ್ನು 15 ದಿನಗಳಲ್ಲಿ ದೃಢಪಡಿಸದಿದ್ದರೆ ಡೊಮೇನ್ ಸ್ಥಗಿತಗೊಳ್ಳಬಹುದು. ನಮ್ಮ ಊರುಗಳಲ್ಲಿ ಇದರ ಹಿಂದೆ ಒಂದು ಮಾನವೀಯ ಕಥೆ ಇರುತ್ತದೆ: ಸೈಟ್ ಮಾಡಿಕೊಟ್ಟ ನೆಂಟರ ಹುಡುಗನೋ ಕಾಲೇಜು ವಿದ್ಯಾರ್ಥಿಯೋ ತನ್ನ ಇಮೇಲ್ ಕೊಟ್ಟು ಡೊಮೇನ್ ಕೊಂಡಿರುತ್ತಾನೆ, ಆಮೇಲೆ ಕೆಲಸ ಸಿಕ್ಕಿ ಬೇರೆ ಊರಿಗೆ ಹೋಗಿರುತ್ತಾನೆ. ನವೀಕರಣದ ಸೂಚನೆಗಳೆಲ್ಲ ಅವನು ತೆರೆಯದ ಅಂಚೆಪೆಟ್ಟಿಗೆಗೆ ಹೋಗುತ್ತಿರುತ್ತವೆ. ಡೊಮೇನ್ ಅಂಗಡಿಯ ಆಸ್ತಿ. ಅದರ ಖಾತೆ ಅಂಗಡಿಯವರ ಹೆಸರಿನಲ್ಲೇ, ಅವರು ದಿನವೂ ನೋಡುವ ಇಮೇಲ್‌ನಲ್ಲೇ ಇರಬೇಕು. ಇದನ್ನು ಮಾಡಿಸಿಕೊಡುವುದು ಹೋಸ್ಟಿಂಗ್ ನೋಡಿಕೊಳ್ಳುವವರ ಕರ್ತವ್ಯ ಎಂದೇ ನಾನು ಭಾವಿಸುತ್ತೇನೆ.

ನೇಮ್ ಸರ್ವರನ್ನು ನೇರವಾಗಿ ಕೇಳಿದಾಗ ರೆಫ್ಯೂಸ್ಡ್ ಎಂದು ಬಂದರೆ, ಈ ಹೆಸರು ನನ್ನ ಹೊಣೆಯಲ್ಲ ಎಂದು ಅದು ಹೇಳುತ್ತಿದೆ. ರಿಜಿಸ್ಟ್ರಾರ್ ಬಳಿ ನೇಮ್ ಸರ್ವರ್ ಬದಲಾಗಿದೆ, ಹೊಸ ಸರ್ವರಿನಲ್ಲಿ ಝೋನ್ ಇನ್ನೂ ಸೃಷ್ಟಿಯಾಗಿಲ್ಲ. ಹೋಸ್ಟಿಂಗ್ ಬದಲಿಸಿದ ದಿನ ಇದು ತೀರ ಸಾಮಾನ್ಯ.

ಸರ್ವ್‌ಫೇಲ್ ಇವೆಲ್ಲಕ್ಕಿಂತ ತೊಡಕಿನದು. ಉತ್ತರ ಪಡೆಯಲು ಹೋಗಿ ಸೋತೆ ಎಂಬುದಷ್ಟೇ ಅದರ ಅರ್ಥ, ಕಾರಣ ಅದು ಹೇಳುವುದಿಲ್ಲ. ನೇಮ್ ಸರ್ವರನ್ನು ನೇರ ಕೇಳಿದಾಗಲೂ ಸರ್ವ್‌ಫೇಲ್ ಬಂದರೆ ಝೋನ್ ಕಡತ ಲೋಡ್ ಆಗಿಲ್ಲದಿರುವ ಸಾಧ್ಯತೆ ಹೆಚ್ಚು. ಬೈಂಡ್ ಎಂಬ ನೇಮ್ ಸರ್ವರ್ ತಂತ್ರಾಂಶ ಬಳಸುವ ಸರ್ವರ್‌ಗಳಲ್ಲಿ ಇಲ್ಲೊಂದು ಸೂಕ್ಷ್ಮವಿದೆ. ಝೋನ್‌ನಲ್ಲಿ ತಪ್ಪಿದ್ದು ನೀವು ರೀಲೋಡ್ ಮಾಡಿದರೆ ಬೈಂಡ್ ಹೊಸ ಕಡತವನ್ನು ತಿರಸ್ಕರಿಸಿ ನೆನಪಿನಲ್ಲಿರುವ ಹಳೆಯ ಝೋನ್‌ನಿಂದಲೇ ಉತ್ತರ ಕೊಡುತ್ತಾ ಹೋಗುತ್ತದೆ. ಸೈಟ್ ನಡೆಯುತ್ತಿರುತ್ತದೆ, ಬದಲಾವಣೆ ಮಾತ್ರ ಕಾಣುವುದಿಲ್ಲ. ಆಗ ಯಾರಾದರೂ ಸೇವೆಯನ್ನೇ ರೀಸ್ಟಾರ್ಟ್ ಮಾಡಿದರೆ ಆ ಹಳೆಯ ಪ್ರತಿಯೂ ಹೋಗುತ್ತದೆ, ಸೈಟ್ ಪೂರ್ತಿ ಕಾಣೆಯಾಗುತ್ತದೆ. ರೀಸ್ಟಾರ್ಟ್‌ಗೆ ಅವಸರ ಬೇಡ ಎಂದು ಮೊದಲೇ ಹೇಳಿದ್ದು ಇದಕ್ಕಾಗಿ. ಬೈಂಡ್ ಜೊತೆಗೇ ಬರುವ ನೇಮ್ಡ್ ಚೆಕ್‌ಝೋನ್ ಎಂಬ ಉಪಕರಣ ಝೋನ್ ಕಡತವನ್ನು ಓದಿ ತಪ್ಪಿನ ಸಾಲನ್ನು ತೋರಿಸುತ್ತದೆ. ಪ್ರತಿ ಬದಲಾವಣೆಯ ನಂತರ, ರೀಲೋಡ್‌ಗೆ ಮುನ್ನ ಅದನ್ನು ನಡೆಸುವುದು ಒಳ್ಳೆಯ ಅಭ್ಯಾಸ.

ಅಂಥ ತಪ್ಪುಗಳಲ್ಲಿ ಮುಖ್ಯವಾದದ್ದು, ಒಂದು ಹೆಸರನ್ನು ಇನ್ನೊಂದು ಹೆಸರಿನ ಕಡೆ ತೋರಿಸುವ ಸಿನೇಮ್ ರೆಕಾರ್ಡಿನದು. ಒಂದು ಹೆಸರಿಗೆ ಸಿನೇಮ್ ಇದ್ದರೆ ಅದೇ ಹೆಸರಿಗೆ ಬೇರೆ ಸಾಮಾನ್ಯ ರೆಕಾರ್ಡ್ ಇರಕೂಡದು. ಡೊಮೇನಿನ ಮೂಲ ಹೆಸರಿಗೆ, ನೇಮ್ ಸರ್ವರ್‌ಗಳನ್ನು ಹೆಸರಿಸುವ ಎನ್‌ಎಸ್ ಮತ್ತು ಝೋನ್‌ನ ಮೂಲ ವಿವರ ಹೇಳುವ ಎಸ್‌ಒಎ ರೆಕಾರ್ಡ್ ಇರಲೇಬೇಕಾದ್ದರಿಂದ ಅಲ್ಲಿ ಸಿನೇಮ್ ಹಾಕುವಂತಿಲ್ಲ. ಇನ್ನೊಂದು ತಪ್ಪನ್ನು ಚೆಕ್‌ಝೋನ್ ಎಲ್ಲ ಸಲವೂ ಹಿಡಿಯಲಾರದು: ಹೆಸರಿನ ಕೊನೆಯ ಚುಕ್ಕೆ. ಝೋನ್ ಕಡತದಲ್ಲಿ ಪೂರ್ಣ ಹೆಸರಿನ ಕೊನೆಗೆ ಚುಕ್ಕೆ ಇಡದಿದ್ದರೆ ಡೊಮೇನಿನ ಹೆಸರು ಮತ್ತೊಮ್ಮೆ ಅಂಟಿಕೊಳ್ಳುತ್ತದೆ. ಮೇಲ್ ಡಾಟ್ ಬೆಲ್ಲದಂಗಡಿ ಡಾಟ್ ಇನ್ ಎಂದು ಬರೆದದ್ದು ಮೇಲ್ ಡಾಟ್ ಬೆಲ್ಲದಂಗಡಿ ಡಾಟ್ ಇನ್ ಡಾಟ್ ಬೆಲ್ಲದಂಗಡಿ ಡಾಟ್ ಇನ್ ಆಗಿಬಿಡುತ್ತದೆ.

ನೇಮ್ ಸರ್ವರ್ ಸರಿಯಾದ ಉತ್ತರ ಕೊಡುತ್ತಿದ್ದರೂ ರಿಸಾಲ್ವರ್ ಸರ್ವ್‌ಫೇಲ್ ಎನ್ನುತ್ತಿದ್ದರೆ ಉತ್ತರ ಅಸಲಿಯೇ ಎಂದು ಸಹಿಯಿಂದ ಪರಿಶೀಲಿಸುವ ಡಿಎನ್‌ಎಸ್ಸೆಕ್ ಕಡೆ ಅನುಮಾನ ಪಡಿ. ಹಳೆಯ ನೇಮ್ ಸರ್ವರ್ ಝೋನ್‌ಗೆ ಡಿಜಿಟಲ್ ಸಹಿ ಹಾಕುತ್ತಿತ್ತು, ಅದರ ಗುರುತು ಡಿಎಸ್ ರೆಕಾರ್ಡಾಗಿ ಮೇಲಿನ ಹಂತದಲ್ಲಿ ಉಳಿದಿದೆ, ಹೊಸ ನೇಮ್ ಸರ್ವರ್ ಸಹಿ ಹಾಕುತ್ತಿಲ್ಲ. ಸಹಿ ಪರಿಶೀಲಿಸುವ ರಿಸಾಲ್ವರ್‌ಗಳಿಗೆ ಇದು ನಕಲಿ ಉತ್ತರದಂತೆ ಕಾಣುತ್ತದೆ, ತಿರಸ್ಕರಿಸುತ್ತವೆ. ಪರಿಶೀಲಿಸದ ರಿಸಾಲ್ವರ್ ಬಳಸುವವರಿಗೆ ಸೈಟ್ ಎಂದಿನಂತೆ ತೆರೆಯುತ್ತದೆ. ಕೆಲವರಿಗೆ ಸಿಗುತ್ತದೆ, ಕೆಲವರಿಗೆ ಸಿಗುವುದಿಲ್ಲ ಎಂಬ ಒಗಟಿಗೆ ಇದೂ ಒಂದು ಉತ್ತರ. ಡಿಗ್ ಆಜ್ಞೆಗೆ ಸಿಡಿ ಆಯ್ಕೆ ಕೊಟ್ಟರೆ ಸಹಿ ಪರಿಶೀಲನೆ ಬಿಟ್ಟು ಉತ್ತರ ತರಲು ಕೇಳುತ್ತದೆ. ಹಾಗೆ ಕೇಳಿದಾಗ ಮಾತ್ರ ಉತ್ತರ ಬಂದರೆ ರೋಗ ಸಿಕ್ಕಂತೆಯೇ. ರಿಜಿಸ್ಟ್ರಾರ್ ಬಳಿಯ ಹಳೆಯ ಡಿಎಸ್ ರೆಕಾರ್ಡ್ ತೆಗೆಯಬೇಕು. ಹೋಸ್ಟಿಂಗ್ ಬದಲಿಸುವ ಯೋಜನೆ ಇದ್ದರೆ ಅದನ್ನು ಮೊದಲೇ ತೆಗೆದು, ಅದರ ಅವಧಿ ಕಳೆದ ಮೇಲೆ ನೇಮ್ ಸರ್ವರ್ ಬದಲಿಸಬೇಕು.

ಉತ್ತರವೇ ಬಾರದೆ ಸಮಯ ಮೀರಿದರೆ ಫೈರ್‌ವಾಲ್ ನೋಡಿ. ಡಿಎನ್‌ಎಸ್ 53ನೇ ಪೋರ್ಟನ್ನು ಬಳಸುತ್ತದೆ, ಯುಡಿಪಿ ಮತ್ತು ಟಿಸಿಪಿ ಎಂಬ ಎರಡೂ ಸಾಗಣೆ ವಿಧಾನಗಳಲ್ಲಿ. ಯುಡಿಪಿ ಮಾತ್ರ ತೆರೆದಿಟ್ಟರೆ ಚಿಕ್ಕ ಉತ್ತರಗಳು ಹೋಗುತ್ತವೆ, ದೊಡ್ಡವು ಸಿಕ್ಕಿಹಾಕಿಕೊಳ್ಳುತ್ತವೆ.

ನೇಮ್ ಸರ್ವರಿಗೂ ತಮ್ಮದೇ ಡೊಮೇನಿನ ಹೆಸರಿಟ್ಟುಕೊಂಡವರು ಇನ್ನೊಂದು ವಿಷಯ ತಿಳಿದಿರಲೇಬೇಕು. ಬೆಲ್ಲದಂಗಡಿಯ ನೇಮ್ ಸರ್ವರ್ ಬೆಲ್ಲದಂಗಡಿಯೊಳಗೇ ಇದ್ದರೆ, ಅದರ ವಿಳಾಸ ತಿಳಿಯಲು ಅದನ್ನೇ ಕೇಳಬೇಕಾಗುತ್ತದೆ. ಈ ಸುತ್ತು ಬಿಡಿಸಲು ಡಾಟ್ ಇನ್ ಸರ್ವರ್‌ಗಳೇ ಅದರ ಐಪಿಯನ್ನೂ ಕೊಡುತ್ತವೆ, ಅದಕ್ಕೆ ಗ್ಲೂ ರೆಕಾರ್ಡ್ ಎನ್ನುತ್ತಾರೆ. ಸರ್ವರಿನ ಐಪಿ ಬದಲಾದಾಗ ಝೋನ್‌ನಲ್ಲಿ ಮಾತ್ರ ತಿದ್ದಿ, ರಿಜಿಸ್ಟ್ರಾರ್ ಬಳಿಯ ಈ ದಾಖಲೆಯನ್ನು ಮರೆತರೆ ಲೋಕವೆಲ್ಲ ಹಳೆಯ ಐಪಿಯ ಬಾಗಿಲು ತಟ್ಟುತ್ತದೆ. ಅದೂ ಅಲ್ಲದೆ, ಎರಡು ನೇಮ್ ಸರ್ವರ್ ಹೆಸರುಗಳನ್ನು ಕೊಟ್ಟು ಎರಡನ್ನೂ ಒಂದೇ ಯಂತ್ರಕ್ಕೆ ತೋರಿಸುವ ರೂಢಿ ನಮ್ಮಲ್ಲಿ ಬಹಳ ಇದೆ. ಆ ಯಂತ್ರ ಬಿದ್ದರೆ ಹೆಸರೂ ಹೋಯಿತು, ಮೇಲ್ ಕೂಡ ಹೋಯಿತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ಸಿಗದೇ ಹೋದಾಗಲೂ, ಆ ಕಂಪನಿಯ ನೇಮ್ ಸರ್ವರ್‌ಗಳು ಎಲ್ಲವೂ ಒಟ್ಟಿಗೆ ಜಾಲದಿಂದ ಮರೆಯಾಗಿದ್ದವು. ಎರಡನೆಯ ನೇಮ್ ಸರ್ವರ್ ಬೇರೆ ಜಾಲದಲ್ಲಿ, ಬೇರೆ ಊರಿನಲ್ಲಿ ಇರಲಿ.

ಎರಡು ಸರ್ವರ್ ಇದ್ದಾಗ ಅವೆರಡೂ ಒಂದೇ ಉತ್ತರ ಕೊಡುತ್ತಿವೆಯೇ ಎಂದೂ ನೋಡಬೇಕು. ಎಸ್‌ಒಎ ರೆಕಾರ್ಡಿನಲ್ಲಿ ಒಂದು ಕ್ರಮಸಂಖ್ಯೆ ಇರುತ್ತದೆ, ವಾಡಿಕೆಯಲ್ಲಿ ವರ್ಷ, ತಿಂಗಳು, ದಿನ ಮತ್ತು ಎರಡಂಕಿ, 2025092201 ಎಂಬಂತೆ. ಝೋನ್ ತಿದ್ದಿ ಈ ಸಂಖ್ಯೆ ಹೆಚ್ಚಿಸದಿದ್ದರೆ ಎರಡನೆಯ ಸರ್ವರ್ ಹೊಸ ಪ್ರತಿ ತರಿಸಿಕೊಳ್ಳುವುದಿಲ್ಲ. ಕೇಳಿದವರಿಗೆ ಒಮ್ಮೆ ಹೊಸದು, ಒಮ್ಮೆ ಹಳೆಯದು ಸಿಗುತ್ತದೆ. ಡಿಗ್‌ನ ಎನ್‌ಎಸ್‌ಸರ್ಚ್ ಆಯ್ಕೆ ಎಲ್ಲ ನೇಮ್ ಸರ್ವರ್‌ಗಳ ಕ್ರಮಸಂಖ್ಯೆಯನ್ನು ಒಟ್ಟಿಗೆ ತೋರಿಸುತ್ತದೆ.

ಹಳೆಯ ಉತ್ತರಗಳ ಆಯುಸ್ಸು

ಎಲ್ಲವೂ ಸರಿಯಿದ್ದೂ ಕೆಲವರಿಗೆ ಹಳೆಯ ಸೈಟ್ ಕಾಣುತ್ತಿದ್ದರೆ ಅದು ಕ್ಯಾಶೆಯ ವಿಷಯ. ಹೊಸ ವಿಳಾಸ ನಿಧಾನವಾಗಿ ಜಗತ್ತಿನ ತುಂಬ ಹರಡಿಕೊಳ್ಳುತ್ತದೆ ಎಂದು ಜನ ತಿಳಿದಿದ್ದಾರೆ, ಹಾಗೇನೂ ಆಗುವುದಿಲ್ಲ. ಗ್ರಾಮಾಂತರ ಬಸ್ ನಿಲ್ದಾಣದ ವೇಳಾಪಟ್ಟಿಯನ್ನು ಫೋಟೊ ತೆಗೆದಿಟ್ಟುಕೊಂಡವರು ಸಮಯ ಬದಲಾದ ಮೇಲೂ ತಮ್ಮ ಫೋಟೊವನ್ನೇ ನೋಡುವಂತೆ, ಪ್ರತಿ ರಿಸಾಲ್ವರ್ ತಾನು ಹಿಂದೆ ಪಡೆದ ಉತ್ತರವನ್ನು ಅದರ ಅವಧಿ ಮುಗಿಯುವ ತನಕ ಇಟ್ಟುಕೊಂಡಿರುತ್ತದೆ. ಆ ಅವಧಿಯೇ ಟಿಟಿಎಲ್, ಲೆಕ್ಕ ಸೆಕೆಂಡುಗಳಲ್ಲಿ. 86400 ಎಂದಿದ್ದರೆ ಒಂದು ದಿನ. ಹಾಗಾಗಿ ಸರ್ವರ್ ಬದಲಿಸುವ ಮೊದಲೇ, ಹಳೆಯ ಟಿಟಿಎಲ್‌ನಷ್ಟು ಕಾಲ ಮುಂಚೆ, ಅದನ್ನು 300ಕ್ಕೆ ಇಳಿಸಿರಬೇಕು. ಬದಲಿಸಿದ ಮೇಲೆ ಇಳಿಸಿದರೆ ಪ್ರಯೋಜನವಿಲ್ಲ, ಏಕೆಂದರೆ ಹಳೆಯ ಪ್ರತಿಗಳ ಮೇಲೆ ಹಳೆಯ ಅವಧಿಯೇ ಬರೆದಿರುತ್ತದೆ. ನೇಮ್ ಸರ್ವರನ್ನೇ ಬದಲಿಸಿದರೆ ಮೇಲಿನ ಹಂತದ ಅವಧಿಯೂ ಸೇರಿಕೊಳ್ಳುತ್ತದೆ. ಡಾಟ್ ಕಾಂ ಸರ್ವರ್‌ಗಳು ಕೊಡುವ ನೇಮ್ ಸರ್ವರ್ ಮಾಹಿತಿಯ ಅವಧಿ 172800 ಸೆಕೆಂಡು, ಅಂದರೆ ಎರಡು ದಿನ. ಅಷ್ಟು ದಿನವಾದರೂ ಹಳೆಯ ಸರ್ವರನ್ನು ಚಾಲೂ ಇಡಿ.

ಇಲ್ಲ ಎಂಬ ಉತ್ತರವನ್ನೂ ರಿಸಾಲ್ವರ್‌ಗಳು ನೆನಪಿಟ್ಟುಕೊಳ್ಳುತ್ತವೆ. ರೆಕಾರ್ಡ್ ಸೇರಿಸುವ ಮೊದಲೇ ಕುತೂಹಲಕ್ಕೆ ಹೊಸ ಹೆಸರನ್ನು ಬ್ರೌಸರಿನಲ್ಲಿ ತೆರೆದು ನೋಡಿದರೆ ಎನ್‌ಎಕ್ಸ್‌ಡೊಮೇನ್ ಕ್ಯಾಶೆಯಲ್ಲಿ ಕೂರುತ್ತದೆ. ಎಷ್ಟು ಹೊತ್ತು ಎಂಬುದಕ್ಕೆ ಎಸ್‌ಒಎ ರೆಕಾರ್ಡಿನ ಕೊನೆಯ ಸಂಖ್ಯೆಯೇ ಮಿತಿ. ಆ ಹೊತ್ತಿನಲ್ಲಿ ಝೋನ್ ಮತ್ತೆ ಮತ್ತೆ ತಿದ್ದುವುದು ವ್ಯರ್ಥ. ಗೂಗಲ್ ಮತ್ತು ಕ್ಲೌಡ್‌ಫ್ಲೇರ್ ತಮ್ಮ ಸಾರ್ವಜನಿಕ ರಿಸಾಲ್ವರ್‌ಗಳಲ್ಲಿ ಒಂದು ಹೆಸರಿನ ಕ್ಯಾಶೆ ಅಳಿಸಲು ಪುಟಗಳನ್ನು ಇಟ್ಟಿವೆ, ಅಲ್ಲಿ ಅಳಿಸಬಹುದು. ಉಳಿದವುಗಳಿಗೆ ಕಾಯುವುದೇ ಸರಿಯಾದ ಕೆಲಸ.

ಮೊಬೈಲಿನಲ್ಲಿ ಮಾತ್ರ ಹಳೆಯ ಪುಟ ಕಾಣುತ್ತಿದೆ ಎಂಬ ದೂರಿಗೆ ಇನ್ನೊಂದು ಕಾರಣ ಇದೆ, ಅದನ್ನು ಬಹಳ ಜನ ನೋಡುವುದೇ ಇಲ್ಲ. ಎ ರೆಕಾರ್ಡಿನಲ್ಲಿ ಐಪಿ ಆವೃತ್ತಿ 4ರ ವಿಳಾಸ ಇರುತ್ತದೆ, ನಾಲ್ಕು ಎಗಳ ರೆಕಾರ್ಡಿನಲ್ಲಿ ಆವೃತ್ತಿ 6ರ ವಿಳಾಸ. ಸರ್ವರ್ ಬದಲಿಸುವಾಗ ಮೊದಲನೆಯದನ್ನು ತಿದ್ದಿ ಎರಡನೆಯದನ್ನು ಬಿಟ್ಟಿರುತ್ತಾರೆ. ಭಾರತದ ಮೊಬೈಲ್ ಜಾಲಗಳಲ್ಲಿ ಆವೃತ್ತಿ 6ರ ಬಳಕೆ ವ್ಯಾಪಕವಾಗಿದೆ, ಬ್ರೌಸರ್‌ಗಳೂ ಅದನ್ನೇ ಮೊದಲು ಆರಿಸುತ್ತವೆ. ಹೀಗಾಗಿ ಕಚೇರಿಯ ಬ್ರಾಡ್‌ಬ್ಯಾಂಡ್‌ನಲ್ಲಿ ಹೊಸ ಸೈಟ್, ಮೊಬೈಲಿನಲ್ಲಿ ಹಳೆಯ ಸೈಟ್. ಇದಕ್ಕೆ ಎಷ್ಟು ದಿನ ಕಾದರೂ ಪರಿಹಾರವಿಲ್ಲ. ಸೈಟುಗಳಿಗೆ ಪ್ರಮಾಣಪತ್ರ ನೀಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಕೂಡ ಅದನ್ನು ಕೊಡುವ ಮುನ್ನ ಆವೃತ್ತಿ 6ರ ವಿಳಾಸವನ್ನೇ ಮೊದಲು ಪರೀಕ್ಷಿಸುತ್ತದೆ, ಆದ್ದರಿಂದ ಆ ಹಳೆಯ ರೆಕಾರ್ಡ್ ಪ್ರಮಾಣಪತ್ರದ ನವೀಕರಣವನ್ನೂ ಕೆಡಿಸಬಲ್ಲದು.

ಸೈಟ್ ಸರಿಹೋಯಿತೆಂದು ಕೈ ತೊಳೆದುಕೊಳ್ಳುವ ಮುನ್ನ ಮೇಲ್ ನೋಡಿ. ನೇಮ್ ಸರ್ವರ್ ಬದಲಿಸಿದರೆ ಝೋನ್ ಪೂರ್ತಿ ಬದಲಾಗುತ್ತದೆ, ಹಳೆಯ ಝೋನ್‌ನಲ್ಲಿದ್ದ, ಮೇಲ್ ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ರೆಕಾರ್ಡ್ ಮತ್ತು ಮೇಲ್‌ನ ಅಸಲಿತನ ಸಾರುವ ಟಿಎಕ್ಸ್‌ಟಿ ರೆಕಾರ್ಡ್‌ಗಳು ತಾವಾಗಿ ಹೊಸದಕ್ಕೆ ಬರುವುದಿಲ್ಲ. ಮೈಸೂರಿನ ಅಗರಬತ್ತಿ ತಯಾರಕರಿಗೆ ಹೊರದೇಶದ ಆರ್ಡರುಗಳು ಬರುವುದು ಮೇಲ್‌ನಲ್ಲಿ. ಸೈಟ್ ನಿಂತರೆ ಯಾರಾದರೂ ಫೋನ್ ಮಾಡುತ್ತಾರೆ. ಮೇಲ್ ನಿಂತರೆ ಯಾರಿಗೂ ತಿಳಿಯುವುದಿಲ್ಲ. ನನಗೆ ಕೇಳಿದರೆ ಸೈಟಿಗಿಂತ ಇದೇ ದೊಡ್ಡ ನಷ್ಟ. ಬದಲಾವಣೆಗೆ ಮುನ್ನ ಹಳೆಯ ಝೋನ್‌ನ ಪೂರ್ಣ ಪ್ರತಿ ತೆಗೆದಿಟ್ಟು, ಸಾಲು ಸಾಲಾಗಿ ಹೋಲಿಸಿ ಹೊಸದನ್ನು ಬರೆಯಿರಿ.

ಕನ್ನಡದಲ್ಲೇ ಹೆಸರಿಟ್ಟು ಡಾಟ್ ಭಾರತ ವಿಸ್ತರಣೆಯಲ್ಲಿ ಡೊಮೇನ್ ಕೊಂಡವರಿಗೆ ಒಂದು ಮಾತು. ಕೊಳ್ಳಬೇಕು, ಬಳಸಬೇಕು ಎಂಬುದೇ ನನ್ನ ಆಸೆ. ಡಿಎನ್‌ಎಸ್ ಒಳಗೆ ಆ ಹೆಸರು ಕನ್ನಡ ಲಿಪಿಯಲ್ಲಿ ಸಾಗುವುದಿಲ್ಲ, ಪ್ಯೂನಿಕೋಡ್ ಎಂಬ ಸಂಕೇತರೂಪದಲ್ಲಿ, ಎಕ್ಸ್‌ಎನ್ ಎಂಬ ಅಕ್ಷರಗಳಿಂದ ಆರಂಭವಾಗಿ ಸಾಗುತ್ತದೆ. ಝೋನ್ ಮತ್ತು ವರ್ಚುವಲ್ ಹೋಸ್ಟ್ ಎರಡರಲ್ಲೂ ಆ ರೂಪವನ್ನೇ ಬರೆಯಬೇಕು.

ಸರ್ವರಿಗೇ ಹೆಸರು ಸಿಗದಿದ್ದಾಗ

ಇದುವರೆಗೆ ಹೇಳಿದ್ದು ಹೊರಗಿನವರಿಗೆ ನಮ್ಮ ಹೆಸರು ಸಿಗದ ತೊಂದರೆ. ನಮ್ಮ ಸರ್ವರಿಗೆ ಹೊರಗಿನ ಹೆಸರುಗಳು ಸಿಗದಿರುವುದು ಬೇರೆಯೇ ಕಾಯಿಲೆ. ಸೈಟ್ ತೆರೆಯುತ್ತದೆ, ಆದರೆ ವರ್ಡ್‌ಪ್ರೆಸ್ ಅಪ್‌ಡೇಟ್ ಆಗುವುದಿಲ್ಲ, ಪಾವತಿಯ ಹಂತದಲ್ಲಿ ಪುಟ ನಿಂತುಬಿಡುತ್ತದೆ, ಮೇಲ್ ಸಾಲುಗಟ್ಟಿ ಕೂರುತ್ತದೆ. ಲಿನಕ್ಸ್‌ನಲ್ಲಿ ಯಾವ ರಿಸಾಲ್ವರನ್ನು ಕೇಳಬೇಕು ಎಂಬುದು ಇಟಿಸಿ ಡೈರೆಕ್ಟರಿಯ ರಿಸಾಲ್ವ್ ಡಾಟ್ ಕಾನ್ಫ್ ಕಡತದಲ್ಲಿದೆ. ಅಲ್ಲಿ 127.0.0.53 ಎಂದು ಕಂಡರೆ ಸಿಸ್ಟಂಡಿ ರಿಸಾಲ್ವ್ಡ್ ಎಂಬ ಸೇವೆ ನಡುವೆ ಇದೆ, ನಿಜವಾದ ರಿಸಾಲ್ವರ್ ಯಾವುದೆಂದು ರಿಸಾಲ್ವ್‌ಸಿಟಿಎಲ್ ಆಜ್ಞೆ ಹೇಳುತ್ತದೆ. ಎಲ್ಲವೂ ನಡೆಯುತ್ತಿದೆ, ಆದರೆ ಬಹಳ ನಿಧಾನ ಎಂಬ ದೂರಿದ್ದರೆ ಮೊದಲ ಸಾಲಿನ ರಿಸಾಲ್ವರ್ ಸತ್ತಿರಬಹುದು. ಬೇರೆ ಸೂಚನೆ ಇಲ್ಲದಿದ್ದರೆ ಯಂತ್ರ 5 ಸೆಕೆಂಡು ಕಾದ ಮೇಲೆ ಎರಡನೆಯದನ್ನು ಕೇಳುತ್ತದೆ, ಪ್ರತಿ ಹೊಸ ಹೆಸರಿಗೂ ಹೀಗೆ ಕಾಯುತ್ತದೆ.

ಹಲವರು ಒಂದೇ ಸರ್ವರ್ ಹಂಚಿಕೊಂಡಿರುವ ಕಡೆ ಇನ್ನೊಂದು ಸಂದರ್ಭ ಬರುತ್ತದೆ. ಗ್ರಾಹಕರೊಬ್ಬರು ಬೇರೆ ಹೋಸ್ಟಿಂಗ್‌ಗೆ ಹೋದರು, ಅವರ ಝೋನ್ ಮತ್ತು ಮೇಲ್ ಖಾತೆಗಳು ಇಲ್ಲೇ ಉಳಿದವು. ಜಗತ್ತಿಗೆಲ್ಲ ಅವರ ಹೊಸ ವಿಳಾಸ ಗೊತ್ತಿದ್ದರೂ ಈ ಸರ್ವರ್ ಮಾತ್ರ ಆ ಡೊಮೇನ್ ತನ್ನದೆಂದೇ ನಂಬಿರುತ್ತದೆ. ಇದೇ ಸರ್ವರಿನಲ್ಲಿರುವ ಬೇರೆ ಗ್ರಾಹಕರು ಅವರಿಗೆ ಬರೆದ ಮೇಲ್‌ಗಳು ಹೊರಗೆ ಹೋಗದೆ ಹಳೆಯ ಪೆಟ್ಟಿಗೆಯಲ್ಲೇ ಬೀಳುತ್ತವೆ, ಕಳಿಸಿದವರಿಗೆ ಯಾವ ದೋಷಸೂಚನೆಯೂ ಬರುವುದಿಲ್ಲ. ಹೊರಗಿನಿಂದ ಎಷ್ಟು ಪರೀಕ್ಷಿಸಿದರೂ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಹಳೆಯ ಪೆಟ್ಟಿಗೆಯಲ್ಲಿ ಬಿದ್ದಿರುವ ಮೇಲ್‌ಗಳನ್ನು ಮೊದಲು ಅವರಿಗೆ ತಲುಪಿಸಿ, ಆಮೇಲೆ ಆ ಡೊಮೇನಿನ ಮೇಲ್ ವಿಲೇವಾರಿಯನ್ನು ಸ್ಥಳೀಯದಿಂದ ಹೊರಗಿನದಕ್ಕೆ ಬದಲಿಸಿ, ಉಳಿದಿರುವ ಝೋನ್ ತೆಗೆಯಬೇಕು. ಆಮೇಲಿನ ಪರೀಕ್ಷಾ ಮೇಲ್ ಅನ್ನು ಅದೇ ಸರ್ವರಿನಿಂದಲೇ ಕಳಿಸಿ ನೋಡಬೇಕು.